ಕೂದಲು, ಕದ, ಲೋಟ: ಯೆಹೂದಿ ಮನೆಯ ಹೆಂಗಸರ ನೇಮಗಳು

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು. ಇಸ್ರೇಲಿನ ಬ್ನೇ ಬ್ರಾಕ್‌ನಲ್ಲಿ ವಯಸ್ಸಾದ ದಂಪತಿಯ ಮನೆಯಲ್ಲಿದ್ದುಕೊಂಡು ಅಜ್ಜಿಯ ಆರೈಕೆ ಮಾಡುತ್ತಿದ್ದೇನೆ. ಬಹಳ ಮಡಿವಂತ ಮನೆ. ಪಕ್ಕದಲ್ಲೇ ಇರುವ ಸೊಸೆ ಸ್ವಂತ ಕೂದಲು ಕಾಣಬಾರದೆಂದು ಟೋಪನ್ ಹಾಕುತ್ತಾಳೆ. ಆ ಟೋಪನ್ ಅವಳ ಕೂದಲಿಗಿಂತ ಚೆಂದ. ಇದೆಂಥ ಮರ್ಯಾದೆ? ತಿರುಪತಿಯಲ್ಲಿ ಕೊಟ್ಟ ಮುಡಿಯೇ ಇಲ್ಲಿಗೆ ಬರುತ್ತದೆ ಎಂದು ಇಲ್ಲಿನ ಗೆಳತಿಯರು ಹೇಳುತ್ತಾರೆ, ನಿಜವೇ? ನನಗೆ ನೋವಾದ ಸಂಗತಿ ಬೇರೆ. ಅಜ್ಜ ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳುವುದಿಲ್ಲ, ಮೇಜಿನ ಮೇಲೆ ಇಡು ಎನ್ನುತ್ತಾರೆ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಮುಂಬಾಗಿಲ ಚಿಲಕ ಹಾಕಬೇಡ ಎಂದರು. ಒಲೆ ಹಚ್ಚಲು ನನ್ನನ್ನು ಬಿಡುವುದಿಲ್ಲ. ಪ್ಯಾಂಟ್ ಹಾಕಬೇಡ ಎಂದರು. ನಮ್ಮೂರಿನಲ್ಲಿ ಕೆಲವು ಮನೆಗಳಲ್ಲಿ ಕಂಡ ಮುಟ್ಟು ಮೈಲಿಗೆಯೇ ಇಲ್ಲಿಯೂ ಇದೆಯೇ? ಶನಿವಾರ ಬಿಟ್ಟು ಭಾನುವಾರ ರಜೆ ಕೇಳಬಹುದೇ?

ಉತ್ತರ: ಮೊದಲು ನಿಮ್ಮ ಮನಸ್ಸನ್ನು ಚುಚ್ಚುತ್ತಿರುವ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಕೈಯಿಂದ ಲೋಟ ತೆಗೆದುಕೊಳ್ಳದವರನ್ನು ಕಂಡರೆ ಕರಾವಳಿಯ ಹೆಣ್ಣುಮಗಳಿಗೆ ಏನು ನೆನಪಾಗುತ್ತದೆ ಎಂದು ನನಗೆ ಗೊತ್ತು. ಮೇಲಿನಿಂದ ನೀರು ಹೊಯ್ಯಿಸಿಕೊಂಡು ಬೊಗಸೆಯಲ್ಲಿ ಕುಡಿದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ಕನ್ನಡಕದಲ್ಲಿ ಈ ಮನೆಯನ್ನು ನೋಡಿದರೆ ನಿಮಗೆ ಅನಗತ್ಯವಾಗಿ ನೋವಾಗುತ್ತದೆ, ಅವರಿಗೂ ಅನ್ಯಾಯವಾಗುತ್ತದೆ. ಯೆಹೂದಿಗಳ ಯಾವುದೇ ನೇಮ ಕಂಡಾಗಲೂ ಈ ಗೆರೆಯನ್ನು ಯಾರ ಮತ್ತು ಯಾರ ನಡುವೆ ಎಳೆದಿದ್ದಾರೆ ಎಂದು ನೋಡಿ. ಗಂಡು ಮತ್ತು ಹೆಣ್ಣಿನ ನಡುವೆಯೇ? ಮದುವೆಯಾದವಳು ಮತ್ತು ಆಗದವಳ ನಡುವೆಯೇ? ಗಂಡ ಹೆಂಡತಿಯ ನಡುವೆಯೇ? ಯೆಹೂದಿ ಮತ್ತು ಹೊರಗಿನವರ ನಡುವೆಯೇ? ಒಂದೊಂದಕ್ಕೂ ಕಾರಣ ಬೇರೆ. ನೀವು ಬರೆದಿರುವ ನಾಲ್ಕು ಸಂಗತಿಗಳಲ್ಲಿ ಮೂರು ನೀವು ಹೊರಗಿನವರು ಎಂಬುದಕ್ಕೆ ಸಂಬಂಧಿಸಿದವೇ ಅಲ್ಲ. ಒಂದು ಮಾತ್ರ ಹೌದು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಲೋಟದ ಮಾತು. ಧರ್ಮನಿಷ್ಠ ಯೆಹೂದಿ ಗಂಡಸು ತನ್ನ ಹೆಂಡತಿ, ತಾಯಿ, ಮಗಳು, ಮೊಮ್ಮಗಳು ಇವರನ್ನು ಬಿಟ್ಟು ಬೇರೆ ಯಾವ ಹೆಣ್ಣನ್ನೂ ಮುಟ್ಟುವುದಿಲ್ಲ, ಕೈಕುಲುಕುವುದೂ ಇಲ್ಲ. ಈ ನೇಮಕ್ಕೆ ನೆಗಿಯಾ ಎಂದು ಹೆಸರು. ಯೆಹೂದಿ ಧರ್ಮಗ್ರಂಥದ ಯಾಜಕಕಾಂಡದ 18ನೇ ಅಧ್ಯಾಯದಲ್ಲಿ ನಿಷಿದ್ಧ ಸಂಬಂಧಗಳ ಪಟ್ಟಿ ಇದೆ. ಅಂಥ ಸಂಬಂಧದ ಹತ್ತಿರಕ್ಕೂ ಹೋಗಬಾರದು ಎಂಬ ಅಲ್ಲಿನ ಮಾತಿನಿಂದ ಈ ನೇಮ ಬೆಳೆಯಿತು. ಕೈಗೆ ಕೈ ತಾಗದಂತೆ ಲೋಟ ಕೊಟ್ಟರೆ ಶಾಸ್ತ್ರದ ಪ್ರಕಾರ ತಪ್ಪೇನೂ ಇಲ್ಲ. ಆದರೂ ಬೆರಳಿಗೆ ಬೆರಳು ತಾಗೀತು ಎಂದು ಕಟ್ಟುನಿಟ್ಟಿನವರು ಇಟ್ಟು ತೆಗೆದುಕೊಳ್ಳುವ ರೂಢಿ ಮಾಡಿಕೊಂಡಿದ್ದಾರೆ. ಪಕ್ಕದ ಮನೆಯ ಯೆಹೂದಿ ಹೆಂಗಸು ಏನಾದರೂ ತಂದುಕೊಡುವಾಗ ಅಜ್ಜ ಏನು ಮಾಡುತ್ತಾರೆ, ಗಮನಿಸಿ. ಅವಳಿಗೂ ಮೇಜಿನ ಮೇಲೆ ಇಡು ಎಂದೇ ಹೇಳುತ್ತಾರೆ. ನೀವು ಮುಟ್ಟಿದ ಲೋಟದ ನೀರನ್ನು ಅವರು ಚೆಲ್ಲುವುದಿಲ್ಲ, ಕುಡಿಯುತ್ತಾರೆ. ಮೈಲಿಗೆಗೂ ಇದಕ್ಕೂ ಇರುವ ಅಂತರ ಅಲ್ಲೇ ಕಾಣುತ್ತದೆ.

ಬಾಗಿಲಿನ ಮಾತೂ ಹೀಗೆಯೇ. ಪರಸ್ಪರ ವಿವಾಹವಾಗದ, ರಕ್ತಸಂಬಂಧವಿಲ್ಲದ ಗಂಡು ಹೆಣ್ಣು ಮುಚ್ಚಿದ ಜಾಗದಲ್ಲಿ ಇಬ್ಬರೇ ಇರಬಾರದು. ಇದು ಯಿಹುದ್ ಎಂಬ ನೇಮ, ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲಿತವಾದ ಮಿಶ್ನಾ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲೇ ಇದೆ. ವಯಸ್ಸು ಎಷ್ಟಾಗಿದೆ, ಮನುಷ್ಯ ಎಷ್ಟು ಒಳ್ಳೆಯವನು ಎಂಬುದನ್ನೆಲ್ಲ ಅದು ಕೇಳುವುದಿಲ್ಲ. ಅಜ್ಜಿ ಮನೆಯಲ್ಲಿದ್ದಾಗ ತೊಂದರೆಯಿಲ್ಲ. ಅವರು ಆಸ್ಪತ್ರೆಗೆ ಹೋದ ಕೂಡಲೇ ನೀವಿಬ್ಬರೇ ಉಳಿದಿರಿ. ಚಿಲಕ ಹಾಕಬೇಡ ಎಂದದ್ದು ಯಾರಾದರೂ ಯಾವ ಗಳಿಗೆಯಲ್ಲಾದರೂ ಒಳಗೆ ಬರಬಹುದು ಎಂಬ ಸ್ಥಿತಿ ಇರಲಿ ಎಂದು. ನಿಮ್ಮ ಮೇಲಿನ ಅನುಮಾನದಿಂದಲ್ಲ. ಪರರ ಮನೆಯಲ್ಲಿ ರಾತ್ರಿ ಹಗಲು ಇದ್ದು ದುಡಿಯುವ ಹೆಣ್ಣುಮಕ್ಕಳ ಪಾಡು ಬಲ್ಲವಳಾಗಿ ಹೇಳುತ್ತೇನೆ, ಈ ನೇಮದಿಂದ ನಿಮಗೂ ರಕ್ಷಣೆ ಇದೆ. ತೆರೆದ ಬಾಗಿಲಿನಲ್ಲಿ ಮಲಗಲು ಹೆದರಿಕೆಯಾದರೆ ಮಗನಿಗೆ ಹೇಳಿ. ಬಾಗಿಲು ಹಾಕಿ, ಕೀಲಿಯೊಂದು ಮಗನ ಬಳಿಯೋ ನೆರೆಮನೆಯಲ್ಲೋ ಇದ್ದು, ಅವರು ಕೇಳದೆಯೇ ಬರಬಹುದು ಎಂಬ ಏರ್ಪಾಡನ್ನು ಅನೇಕ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಒಪ್ಪುತ್ತಾರೆ. ಇಂಥ ಪ್ರಶ್ನೆ ಆರೈಕೆಯವರನ್ನು ಇಟ್ಟುಕೊಂಡ ಮನೆಗಳಲ್ಲಿ ಪದೇ ಪದೇ ಏಳುತ್ತದೆ, ಕೇಳಲು ಸಂಕೋಚ ಬೇಡ.

ಈಗ ಒಲೆ. ಇಲ್ಲಿ ಗೆರೆ ಇರುವುದು ನಿಜವಾಗಿಯೂ ಯೆಹೂದಿಗೂ ಹೊರಗಿನವರಿಗೂ ನಡುವೆ. ಯೆಹೂದಿಯಲ್ಲದವರು ಪೂರ್ತಿಯಾಗಿ ಮಾಡಿದ ಕೆಲವು ಬಗೆಯ ಅಡುಗೆಯನ್ನು ತಾಲ್ಮುದ್ ಎಂಬ ಪ್ರಾಚೀನ ಶಾಸ್ತ್ರಚರ್ಚೆಯ ಗ್ರಂಥ ನಿಷೇಧಿಸಿತು. ಜೊತೆಗೆ ಉಂಡರೆ ನೆಂಟಸ್ತನ ಬೆಳೆದೀತು, ಮದುವೆ ಸಂಬಂಧ ಕೂಡೀತು, ಚಿಕ್ಕ ಜನಾಂಗ ಕರಗಿಹೋದೀತು ಎಂಬ ಭಯ ಇದರ ಹಿಂದಿದೆ. ಯೂರೋಪ್ ಮೂಲದ ಅಶ್ಕೆನಾಜಿಗಳಿಗೆ ಯೆಹೂದಿಯೊಬ್ಬರು ಒಲೆ ಹಚ್ಚಿದರೆ ಸಾಕು, ಆಮೇಲೆ ನೀವು ಬೇಯಿಸಬಹುದು. ಸ್ಪೇನ್ ಮತ್ತು ಅರಬ್ ನಾಡುಗಳ ಮೂಲದ ಸೆಫಾರ್ದಿಗಳು ಪಾತ್ರೆಯನ್ನೂ ಯೆಹೂದಿಯೇ ಒಲೆಯ ಮೇಲಿಡಬೇಕು ಎನ್ನುತ್ತಾರೆ. ದ್ರಾಕ್ಷಾರಸದ ವಿಷಯದಲ್ಲಿ ಇನ್ನೂ ಬಿಗಿ. ಕುದಿಸದ ದ್ರಾಕ್ಷಾರಸವನ್ನು ಹೊರಗಿನವರು ಬಗ್ಗಿಸಿದರೆ ಅದು ನಿಷಿದ್ಧವಾಗುತ್ತದೆ. ವಿಗ್ರಹಕ್ಕೆ ತರ್ಪಣ ಕೊಟ್ಟಿರಬಹುದು ಎಂಬ ಪ್ರಾಚೀನ ಶಂಕೆ ಅದರ ಬೇರು. ಕುದಿಸಿದ್ದಕ್ಕೆ ಈ ತೊಡಕಿಲ್ಲ. ಶುಕ್ರವಾರ ಸಂಜೆಯ ಊಟದ ಮೇಜು ಜೋಡಿಸುವಾಗ ತೆರೆದ ಸೀಸೆಯನ್ನು ಮುಟ್ಟದಿದ್ದರೆ ನಿಮಗೂ ಅವರಿಗೂ ಮುಜುಗರ ತಪ್ಪುತ್ತದೆ. ಈ ಎರಡು ನೇಮಗಳು ಬೇಲಿಗಳೇ, ಇಲ್ಲ ಎನ್ನಲಾರೆ. ಆದರೆ ಈ ಬೇಲಿಯಲ್ಲಿ ಮೇಲು ಕೀಳು ಎಂಬ ಜಾತಿಯ ಮೆಟ್ಟಿಲುಗಳಿಲ್ಲ. ಪ್ಯಾರಿಸ್ಸಿನ ಕೋಟ್ಯಧಿಪತಿ ಬಂದು ಒಲೆ ಹಚ್ಚಿದರೂ ನೇಮ ಅದೇ.

ಇನ್ನು ಹೆಂಗಸರ ಮಾತಿಗೆ ಬರೋಣ. ತ್ಸ್ನಿಯೂತ್, ಅಂದರೆ ವಿನಯ, ಮರ್ಯಾದೆ ಎಂಬ ಮಾತನ್ನು ಆ ಮನೆಯಲ್ಲಿ ದಿನವೂ ಕೇಳುತ್ತಿರುತ್ತೀರಿ. ಅದನ್ನು ಉಡುಪಿನ ಅಳತೆ ಎಂದು ತಿಳಿದವರೇ ಹೆಚ್ಚು. ಮೂಲದಲ್ಲಿ ಅದು ಪ್ರವಾದಿ ಮೀಕನ ಮಾತು: ನ್ಯಾಯದಿಂದ ನಡೆ, ಕರುಣೆಯನ್ನು ಪ್ರೀತಿಸು, ನಿನ್ನ ದೇವರೊಂದಿಗೆ ವಿನಯದಿಂದ ನಡೆದುಕೋ. ಹೆಣ್ಣಿಗೆ ಎಷ್ಟೋ ಗಂಡಿಗೂ ಅಷ್ಟೇ. ಕಾಲ ಕಳೆದಂತೆ ಅದರ ಭಾರವೆಲ್ಲ ಹೆಂಗಸಿನ ಮೈಮೇಲೆ ಬಂದು ಕೂತಿತು ಎಂಬುದು ನನ್ನ ಅಭಿಪ್ರಾಯ, ಅನೇಕ ಧರ್ಮನಿಷ್ಠ ಯೆಹೂದಿ ವಿದುಷಿಯರ ಅಭಿಪ್ರಾಯವೂ ಹೌದು. ಅಳತೆಯ ವಿಷಯ ಚುಟುಕಾಗಿ ಹೇಳುವುದಾದರೆ ಕೊರಳೆಲುಬು, ಮೊಣಕೈ, ಮೊಣಕಾಲು ಮುಚ್ಚಿರಬೇಕು. ಪ್ಯಾಂಟ್ ಬೇಡ ಎನ್ನುವುದಕ್ಕೆ ಗಂಡಸಿನ ಉಡುಪನ್ನು ಹೆಂಗಸು ಧರಿಸಬಾರದು ಎಂಬ ಧರ್ಮೋಪದೇಶಕಾಂಡದ 22ನೇ ಅಧ್ಯಾಯದ ವಚನ ಒಂದು ಆಧಾರ. ಈ ಯಾವ ನೇಮವೂ ನಿಮ್ಮನ್ನು ಕಟ್ಟುವುದಿಲ್ಲ, ಯೆಹೂದಿ ಹೆಂಗಸರನ್ನು ಮಾತ್ರ ಕಟ್ಟುತ್ತದೆ. ಆದರೂ ಬ್ನೇ ಬ್ರಾಕ್‌ನಂಥ ಊರಿನಲ್ಲಿ ಮನೆಯವರು ಕೇಳಿಕೊಂಡದ್ದನ್ನು ಊರಿನ ರೂಢಿ ಎಂದು ಒಪ್ಪಿ, ಉದ್ದ ಲಂಗ ಮತ್ತು ಮೊಣಕೈ ದಾಟುವ ರವಿಕೆ ಹಾಕಿಕೊಂಡರೆ ಓಡಾಟ ಸಲೀಸು.

ಕೂದಲಿನ ಕಥೆ ದೊಡ್ಡದು. ಮದುವೆಯಾದ ಹೆಂಗಸು ಮಾತ್ರ ತಲೆ ಮುಚ್ಚಬೇಕು; ಕನ್ಯೆಯರು ಜಡೆ ಬಿಟ್ಟುಕೊಂಡೇ ಓಡಾಡುತ್ತಾರೆ. ಅರಣ್ಯಕಾಂಡದ 5ನೇ ಅಧ್ಯಾಯದಲ್ಲಿ, ಗಂಡನ ಶಂಕೆಗೆ ಒಳಗಾದ ಹೆಂಗಸನ್ನು ಪರೀಕ್ಷಿಸುವಾಗ ಯಾಜಕನು ಅವಳ ತಲೆಗೂದಲನ್ನು ಕೆದರಬೇಕು ಎಂದಿದೆ. ಕೆದರುವುದೇ ಅವಮಾನವಾದರೆ ಉಳಿದ ಹೊತ್ತಿನಲ್ಲಿ ಅದು ಮುಚ್ಚಿರುತ್ತಿತ್ತು ಎಂದಾಯಿತಲ್ಲ ಎಂದು ರಬ್ಬಿಗಳು ತರ್ಕಿಸಿದರು. ಒಂದು ಅವಮಾನದ ವಿಧಿಯಿಂದ ಕೋಟ್ಯಂತರ ಹೆಂಗಸರ ನಿತ್ಯದ ನೇಮವೊಂದು ಹುಟ್ಟಿತು ಎಂಬುದನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ತಾಲ್ಮುದ್‌ನಲ್ಲೇ ಕಿಮ್‌ಹೀತ್ ಎಂಬ ತಾಯಿಯ ಕಥೆ ಬರುತ್ತದೆ. ಅವಳ ಏಳು ಗಂಡುಮಕ್ಕಳೂ ಮಹಾಯಾಜಕರಾಗಿ ಸೇವೆ ಸಲ್ಲಿಸಿದರಂತೆ. ನೀನೇನು ಪುಣ್ಯ ಮಾಡಿದ್ದೆ ಎಂದು ಕೇಳಿದಾಗ, ನನ್ನ ಮನೆಯ ತೊಲೆಗಳು ಕೂಡ ನನ್ನ ಜಡೆಯನ್ನು ಕಂಡಿಲ್ಲ ಎಂದಳಂತೆ. ಉಪದೇಶಕರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಗ್ರಂಥದಲ್ಲಿ ಮುಂದಿನ ಸಾಲೂ ಇದೆ: ಬಹಳ ಮಂದಿ ಹಾಗೆ ಮಾಡಿದರು, ಪ್ರಯೋಜನವಾಗಲಿಲ್ಲ ಎಂದು ಪಂಡಿತರು ಅವಳಿಗೆ ಉತ್ತರ ಕೊಟ್ಟರು. ಆ ಸಾಲನ್ನು ಬರೆದಿಟ್ಟವರ ಪ್ರಾಮಾಣಿಕತೆ ನನಗೆ ಇಷ್ಟ.

ನಿಮ್ಮ ಮುಖ್ಯ ಆಕ್ಷೇಪಣೆ ಟೋಪನ್ ಬಗ್ಗೆ. ಅದನ್ನು ಯಿದ್ದಿಶ್ ಮಾತಿನಲ್ಲಿ ಶೈಟಲ್ ಎನ್ನುತ್ತಾರೆ. ನಿಮ್ಮ ಆಕ್ಷೇಪಣೆ ರಬ್ಬಿಗಳಿಗೂ ಹೊಸದಲ್ಲ. ನಾಲ್ಕು ಶತಮಾನಗಳಿಗೂ ಮಿಕ್ಕಿ ಅವರು ಇದರ ಮೇಲೆ ಜಗಳವಾಡುತ್ತಿದ್ದಾರೆ. 16ನೇ ಶತಮಾನದಲ್ಲಿ ಇಟಲಿಯ ರಬ್ಬಿ ಯೆಹೋಶುವಾ ಬೋವಾಜ್ ಟೋಪನ್‌ಗೆ ಅನುಮತಿ ಕೊಟ್ಟರು, ಪೋಲೆಂಡಿನ ರಬ್ಬಿ ಮೋಶೆ ಇಸ್ಸೆರ್ಲೆಸ್ ಅದನ್ನು ಎತ್ತಿಹಿಡಿದರು. ವಾದ ಇಷ್ಟೇ: ಶಾಸ್ತ್ರ ಮುಚ್ಚು ಎಂದದ್ದು ಮೈಯಿಂದ ಬೆಳೆದ ಕೂದಲನ್ನು, ಚೆಲುವನ್ನಲ್ಲ. ಸ್ವಂತ ಕೂದಲು ಗಂಡನಿಗೆ ಮೀಸಲು. ಮೇಲೆ ತೊಟ್ಟದ್ದು ಉಡುಪು. ವಿರೋಧಿಗಳ ವಾದವೂ ಅಷ್ಟೇ ಬಲವಾದದ್ದು: ನೋಡುವವನಿಗೆ ಎರಡೂ ಒಂದೇ ಆಗಿ ಕಂಡರೆ ಮುಚ್ಚಿದ್ದಾದರೂ ಏನು? ಸೆಫಾರ್ದಿಗಳ ಬಹುದೊಡ್ಡ ಧರ್ಮಗುರು ರಬ್ಬಿ ಓವಾದಿಯಾ ಯೋಸೆಫ್ ಬದುಕಿನುದ್ದಕ್ಕೂ ಟೋಪನ್ ನಿಷಿದ್ಧ ಎಂದೇ ಸಾರಿದರು. ಇತ್ತ ಲುಬಾವಿಚ್ ಪಂಥದ ಗುರು ಮೆನಾಹೆಮ್ ಮೆಂಡೆಲ್ ಶ್ನೇರ್ಸನ್ ವಸ್ತ್ರಕ್ಕಿಂತ ಟೋಪನ್ ಮೇಲು ಎಂದರು. ತಲೆವಸ್ತ್ರ ಜಾರುತ್ತದೆ, ಪರಿಚಯದವರು ಎದುರಾದಾಗ ನಾಚಿಕೆಯಿಂದ ಹಿಂದಕ್ಕೆ ಸರಿಸುವ ಮನಸ್ಸಾಗುತ್ತದೆ. ಟೋಪನ್ ಹಾಗೆ ತೆಗೆಯಲು ಬರುವುದಿಲ್ಲ ಎಂಬುದು ಅವರ ಕಾರಣ.

ಹೀಗಾಗಿ ಬಸ್ಸಿನಲ್ಲಿ ಕೂತರೆ ತಲೆ ನೋಡಿಯೇ ಯಾರ ಪಂಥ ಯಾವುದು ಎಂದು ನೀವೂ ಸ್ವಲ್ಪ ದಿನದಲ್ಲಿ ಹೇಳಬಲ್ಲಿರಿ. ಬರೀ ಟೋಪನ್ ಇದ್ದರೆ ಲಿಥುವೇನಿಯಾ ಪರಂಪರೆಯವರೋ ಲುಬಾವಿಚ್‌ನವರೋ ಇರಬಹುದು. ಟೋಪನ್ ಮೇಲೆ ಮತ್ತೊಂದು ಚಿಕ್ಕ ಟೋಪಿಯೋ ಪಟ್ಟಿಯೋ ಇದ್ದರೆ ಬೇರೆ ಹಸೀದಿ ಪಂಥಗಳವರು; ಹಸೀದಿಗಳೆಂದರೆ ಭಕ್ತಿಗೆ ಒತ್ತು ಕೊಟ್ಟು ಒಬ್ಬೊಬ್ಬ ಗುರುವಿನ ಸುತ್ತ ಬೆಳೆದವರು. ಇದು ಕೂದಲಲ್ಲ, ಟೋಪನ್ ಎಂದು ನೋಡುವವರಿಗೆ ಗೊತ್ತಾಗಲಿ ಎಂದು ಹಾಗೆ ಮಾಡುತ್ತಾರೆ. ಬಣ್ಣ ಬಣ್ಣದ ಬಟ್ಟೆಯನ್ನು ಎತ್ತರಕ್ಕೆ ಸುತ್ತಿ ಮುಂದೆ ಒಂದಿಷ್ಟು ಕೂದಲು ಬಿಟ್ಟಿದ್ದರೆ ರಾಷ್ಟ್ರೀಯವಾದಿ ಧಾರ್ಮಿಕರು. ಒಂದು ಮುಷ್ಟಿಯಷ್ಟು ಕೂದಲು ಕಾಣಬಹುದು ಎಂದು ಅಮೆರಿಕದ ರಬ್ಬಿ ಮೋಶೆ ಫೈನ್‌ಸ್ಟೈನ್ 20ನೇ ಶತಮಾನದಲ್ಲಿ ಕೊಟ್ಟ ತೀರ್ಪು ಅಂಥವರಿಗೆ ಆಧಾರ. ಹಂಗೇರಿ ಮೂಲದ ಕೆಲವು ಹಸೀದಿ ಪಂಥಗಳಲ್ಲಿ ಮದುವೆಯ ಮರುದಿನವೇ ತಲೆ ಬೋಳಿಸಿ ವಸ್ತ್ರ ಕಟ್ಟುತ್ತಾರೆ. ಈ ರೂಢಿಗಳು ಯಾವ ಕಾಲಕ್ಕೂ ಒಂದೇ ರೀತಿ ಇದ್ದವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 19ನೇ ಶತಮಾನ ಮುಗಿದು 20ನೆಯದು ಆರಂಭವಾಗುವ ಹೊತ್ತಿಗೆ ರಬ್ಬಿ ಯೆಹೀಯೆಲ್ ಮಿಖೆಲ್ ಎಪ್‌ಸ್ಟೈನ್ ತಮ್ಮ ಧರ್ಮಶಾಸ್ತ್ರ ಗ್ರಂಥದಲ್ಲಿ, ನಮ್ಮ ಕಾಲದ ಗೃಹಿಣಿಯರು ಬರಿತಲೆಯಲ್ಲಿ ಓಡಾಡುತ್ತಾರೆ ಎಂದು ಸಂಕಟಪಟ್ಟು, ಅದು ಸಾಮಾನ್ಯವಾಗಿಬಿಟ್ಟಿರುವುದರಿಂದ ಅವರೆದುರು ಗಂಡಸರು ಪ್ರಾರ್ಥನೆ ಹೇಳಬಹುದು ಎಂದು ಒಪ್ಪಿಕೊಂಡರು. ಇಂದಿನ ಬಿಗಿ ಅಂದಿಗಿಂತ ಹೆಚ್ಚು.

ಬಿಗಿ ಹೆಚ್ಚಿದ್ದರ ಹಿಂದೆ ಶಾಲೆಯ ಪಾತ್ರ ಬಹಳ. 1917ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಸಾರಾ ಶೆನಿರೆರ್ ಎಂಬ ದರ್ಜಿ ಹೆಂಗಸು ಹುಡುಗಿಯರಿಗಾಗಿ ಒಂದು ಸಣ್ಣ ಶಾಲೆ ತೆರೆದಳು. ಗಂಡುಮಕ್ಕಳಿಗೆ ಶಾಸ್ತ್ರಾಭ್ಯಾಸ ಇದ್ದ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಧರ್ಮದ ಶಾಲೆಯೇ ಇರಲಿಲ್ಲ. ನಾನು ಹೊಲಿದ ಬಟ್ಟೆ ತೊಡುವ ಈ ಹುಡುಗಿಯರ ಆತ್ಮಕ್ಕೆ ಉಡುಪು ಎಲ್ಲಿ ಎಂಬ ಕೊರಗು ಅವಳದು. ಅದು ಬೈಸ್ ಯಾಕೋವ್ ಎಂಬ ದೊಡ್ಡ ಚಳವಳಿಯಾಯಿತು. ನಿಮ್ಮ ಮನೆಯ ಸೊಸೆಯೂ ಆ ಹೆಸರಿನ ಶಾಲೆಯಲ್ಲಿ ಓದಿರುವ ಸಾಧ್ಯತೆ ಹೆಚ್ಚು. ತಾಯಿಯನ್ನು ನೋಡಿ ಕಲಿಯುತ್ತಿದ್ದ ನೇಮಗಳನ್ನು ಹುಡುಗಿಯರು ಪಾಠದಂತೆ ಕಲಿಯತೊಡಗಿದರು. ಅಡುಗೆಮನೆಯಲ್ಲಿ ಕಲಿತದ್ದರಲ್ಲಿ ಸಡಿಲಿಕೆ ಇರುತ್ತದೆ, ಪುಸ್ತಕದಲ್ಲಿ ಕಲಿತದ್ದರಲ್ಲಿ ಸೆಂಟಿಮೀಟರ್ ಲೆಕ್ಕ ಇರುತ್ತದೆ.

ತಿರುಪತಿಯ ಪ್ರಶ್ನೆ. ನಿಮ್ಮ ಗೆಳತಿಯರು ಹೇಳಿದ್ದರಲ್ಲಿ ಸತ್ಯವಿದೆ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಭಕ್ತರು ಒಪ್ಪಿಸಿದ ಮುಡಿಯನ್ನು ದೇವಸ್ಥಾನ ಹರಾಜು ಹಾಕುತ್ತದೆ. ಉದ್ದ ಕೂದಲು ವ್ಯಾಪಾರಿಗಳ ಕೈ ದಾಟಿ, ಬಣ್ಣ ಕಳೆದುಕೊಂಡು, ಹೊಸ ಬಣ್ಣ ಪಡೆದು, ಜಗತ್ತಿನ ಟೋಪನ್ ಮಾರುಕಟ್ಟೆ ಸೇರುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೂ ಇಸ್ರೇಲಿನಲ್ಲೂ ಸಾವಿರಾರು ಹೆಂಗಸರು ಅದನ್ನು ತಲೆಯ ಮೇಲಿಟ್ಟುಕೊಂಡಿದ್ದರು. ವಿಗ್ರಹಕ್ಕೆ ಅರ್ಪಿಸಿದ ವಸ್ತುವಿನಿಂದ ಯಾವ ಪ್ರಯೋಜನವನ್ನೂ ಪಡೆಯಬಾರದು, ಅದನ್ನು ನಾಶಮಾಡಬೇಕು ಎಂದು ಯೆಹೂದಿ ಶಾಸ್ತ್ರ ಹೇಳುತ್ತದೆ. ಹಾಗಾದರೆ ಈ ಕೂದಲು ದೇವರಿಗೆ ಅರ್ಪಿಸಿದ್ದೋ ಅಥವಾ ದರ್ಶನಕ್ಕೆ ಮೊದಲು ಕ್ಷೌರ ಮಾಡಿಸಿ ಬಿಟ್ಟದ್ದೋ? ಪ್ರಶ್ನೆ ನಿಂತದ್ದು ಇಲ್ಲಿ. ಕ್ಷೌರ ನಡೆಯುವುದು ಗರ್ಭಗುಡಿಯಿಂದ ದೂರದಲ್ಲಿ, ಕೂದಲು ದೇವರ ಮುಂದೆ ಹೋಗುವುದೇ ಇಲ್ಲ, ಆದ್ದರಿಂದ ಅದು ಅರ್ಪಣೆಯಲ್ಲ ಎಂದು ಮೊದಲು ಕೆಲವರು ಸಮಾಧಾನ ಹೇಳಿದ್ದರು. ಆಮೇಲೆ ಲಂಡನ್ನಿನ ರಬ್ಬಿ ಅಹರೋನ್ ದೋವಿದ್ ಡನ್ನರ್ ತಿರುಮಲಕ್ಕೇ ಬಂದು, ಬೆಟ್ಟ ಹತ್ತಿ, ಜನರನ್ನು ಕೇಳಿ ತಿಳಿದುಕೊಂಡು ಹೋದರು. ಭಕ್ತರು ಕೂದಲನ್ನೇ ದೇವರಿಗೆ ಕೊಡುತ್ತಾರೆ ಎಂಬುದು ಅವರು ಒಯ್ದ ಉತ್ತರ. 2004ರ ಮೇ ತಿಂಗಳಲ್ಲಿ ಜೆರುಸಲೇಮಿನ ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್ ಭಾರತದ ದೇವಸ್ಥಾನದ ಕೂದಲಿನ ಟೋಪನ್ ನಿಷಿದ್ಧ ಎಂದು ತೀರ್ಪು ಕೊಟ್ಟರು. ಆ ವಾರ ಬೀದಿಗಳಲ್ಲಿ ಬೆಂಕಿ ಹಾಕಿ ಹೆಂಗಸರು ಸಾವಿರಾರು ಡಾಲರ್ ಬೆಲೆಯ ಟೋಪನ್‌ಗಳನ್ನು ಸುಟ್ಟರು. ಅಂಗಡಿಗಳಲ್ಲಿ ನೈಲಾನ್ ಟೋಪನ್ ಸಿಗದಂತಾಯಿತು. ಎಲ್ಲ ರಬ್ಬಿಗಳೂ ಈ ತೀರ್ಪನ್ನು ಒಪ್ಪಲಿಲ್ಲ, ಚರ್ಚೆ ಈಗಲೂ ಮುಗಿದಿಲ್ಲ. ಆದರೆ ಅಂದಿನಿಂದ ಕೂದಲಿನ ಮೂಲ ತಿಳಿಸುವ ಧಾರ್ಮಿಕ ಪ್ರಮಾಣಪತ್ರದೊಂದಿಗೆ ಟೋಪನ್ ಮಾರುವ ಪದ್ಧತಿ ಬಂತು. ನೀವಿರುವಂಥ ಮನೆಯಲ್ಲಿ ಆ ಪತ್ರವಿಲ್ಲದ ಟೋಪನ್ ಇರುವುದು ಕಷ್ಟ.

ಗಂಧರ್ವಕನ್ಯೆ ನೀಲಾದೇವಿ ತನ್ನ ಕೂದಲನ್ನೇ ಕತ್ತರಿಸಿ ಸ್ವಾಮಿಯ ತಲೆಯ ಗಾಯ ಮುಚ್ಚಿದಳು ಎಂಬ ಕಥೆ ಕೇಳಿ ಬೆಳೆದ ನಮಗೆ ಮುಡಿಯನ್ನು ಯಾರಿಗೆ ಕೊಡುತ್ತೇವೆ ಎಂಬುದರಲ್ಲಿ ಸಂಶಯವೇ ಇಲ್ಲ. ಆದ್ದರಿಂದ ರಬ್ಬಿ ಡನ್ನರ್ ಕೇಳಿಸಿಕೊಂಡದ್ದು ತಪ್ಪಲ್ಲ. ಹರಕೆ ಹೊತ್ತ ತಾಯಂದಿರ ಮುಡಿಯನ್ನು ನಿಷಿದ್ಧ ವಸ್ತು ಎಂದು ಸುಟ್ಟ ಸುದ್ದಿ ಓದಿದಾಗ ನನಗೆ ನೋವಾಗಿತ್ತು. ಆದರೂ ಒಂದು ಮಾತು ಒಪ್ಪಲೇಬೇಕು: ನಮ್ಮ ಭಕ್ತಿಯನ್ನು ಅವರು ಲಘುವಾಗಿ ತೆಗೆದುಕೊಂಡಿದ್ದರೆ ಸುಡುತ್ತಿರಲಿಲ್ಲ. ಇದು ಬರೀ ವ್ಯಾಪಾರದ ಕೂದಲು ಎಂದು ಹಾಕಿಕೊಂಡೇ ಇರುತ್ತಿದ್ದರು. ಅದು ನಿಜವಾದ ಅರ್ಪಣೆ ಎಂದು ನಂಬಿದ್ದರಿಂದಲೇ ಮುಟ್ಟಲಾರದೆ ಹೋದರು. ಇದರ ಇನ್ನೊಂದು ಮುಖವೂ ನಿಮಗೆ ತಿಳಿದಿರಲಿ. 2008ರಲ್ಲಿ ಜೆರುಸಲೇಮಿನಲ್ಲಿ ನಡೆದ ಹಿಂದೂ ಮತ್ತು ಯೆಹೂದಿ ಧರ್ಮಗುರುಗಳ ಸಭೆಯಲ್ಲಿ, ಹಿಂದೂಗಳು ಪೂಜಿಸುವುದು ಒಬ್ಬನೇ ಪರಮಾತ್ಮನನ್ನು, ನಿರಾಕಾರವಾಗಿಯೂ ಸಾಕಾರವಾಗಿಯೂ ಎಂಬ ಹೇಳಿಕೆಗೆ ಎರಡೂ ಕಡೆಯವರು ಒಪ್ಪಿಗೆ ಹಾಕಿದರು. ಕೂದಲಿನ ತೀರ್ಪು ಅದರಿಂದ ಬದಲಾಗಲಿಲ್ಲ. ಆದರೂ ಆ ಹೇಳಿಕೆ ಸಣ್ಣದಲ್ಲ.

ನೀವು ಕೇಳದ ಒಂದು ವಿಷಯವನ್ನು ನಾನೇ ಎತ್ತುತ್ತೇನೆ, ಏಕೆಂದರೆ ಅದನ್ನು ನೋಡಿಯೂ ನೀವು ತಪ್ಪು ತಿಳಿಯುವ ಸಂಭವವಿದೆ. ಸೊಸೆ ಗಂಡನ ಜೊತೆ ಬಂದಾಗ ಕೆಲವು ದಿನ ಮಗುವನ್ನು ಅವನ ಕೈಗೆ ಕೊಡದೆ ತೊಟ್ಟಿಲಲ್ಲಿಟ್ಟು, ಅವನು ಎತ್ತಿಕೊಳ್ಳುವುದನ್ನು ಗಮನಿಸಿರಬಹುದು. ಅವರಿಬ್ಬರ ತಟ್ಟೆಗಳ ನಡುವೆ ಉಪ್ಪಿನ ಡಬ್ಬಿಯೋ ಹೂದಾನಿಯೋ ಇಟ್ಟಿರುತ್ತಾರೆ. ಅವು ನಿದ್ದಾ ದಿನಗಳು. ಮುಟ್ಟು ಕಂಡ ದಿನದಿಂದ ಅಶ್ಕೆನಾಜಿಗಳಿಗೆ ಕನಿಷ್ಠ 5 ದಿನ, ಅದು ನಿಂತ ಮೇಲೆ 7 ಶುದ್ಧ ದಿನ, ಒಟ್ಟು ಸುಮಾರು 12 ದಿನ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಮಂಚಗಳು ಬೇರೆ. ಒಂದು ವಸ್ತುವನ್ನು ಕೈಯಿಂದ ಕೈಗೆ ದಾಟಿಸುವುದೂ ಇಲ್ಲ. ಅಂದರೆ ಅಜ್ಜ ನಿಮ್ಮ ಕೈಯಿಂದ ಲೋಟ ತೆಗೆದುಕೊಳ್ಳದಂತೆ ಯೌವನದಲ್ಲಿ ತಿಂಗಳ ಅಷ್ಟು ದಿನ ಸ್ವಂತ ಹೆಂಡತಿಯ ಕೈಯಿಂದಲೂ ತೆಗೆದುಕೊಂಡಿಲ್ಲ.

ನಮ್ಮ ಕಡೆಯ ಹೊರಗೆ ಕೂರುವ ಪದ್ಧತಿಯನ್ನು ಇದಕ್ಕೆ ಹೋಲಿಸುವವರು ಬಹಳ. ವ್ಯತ್ಯಾಸ ದೊಡ್ಡದಿದೆ. ಆ ದಿನಗಳಲ್ಲಿ ಅವಳು ಅಡುಗೆ ಮಾಡುತ್ತಾಳೆ, ಎಲ್ಲರೂ ಉಣ್ಣುತ್ತಾರೆ. ಮಕ್ಕಳನ್ನು ಅಪ್ಪಿಕೊಳ್ಳುತ್ತಾಳೆ, ಪ್ರಾರ್ಥನೆ ಹೇಳುತ್ತಾಳೆ, ಧರ್ಮಗ್ರಂಥ ಓದುತ್ತಾಳೆ. ದೇವರ ಮಾತಿಗೆ ಅಶುದ್ಧಿ ತಟ್ಟುವುದಿಲ್ಲ ಎಂದು ತಾಲ್ಮುದ್ ಹೇಳಿದೆ. ಹಿಂದೆ ಯೂರೋಪಿನ ಕೆಲವೆಡೆ ಆ ದಿನಗಳಲ್ಲಿ ಹೆಂಗಸರು ಸಭಾಮಂದಿರಕ್ಕೆ ಹೋಗದ ರೂಢಿ ಇತ್ತು, ಅದು ಬಹುಮಟ್ಟಿಗೆ ಹೋಗಿದೆ. ಗೆರೆ ಉಳಿದಿರುವುದು ದಂಪತಿಯ ನಡುವೆ ಮಾತ್ರ.

ಆ ಅವಧಿ ಮುಗಿಯುವುದು ಮಿಕ್ವೆಯಲ್ಲಿ. ಮಿಕ್ವೆ ಎಂದರೆ ಮುಳುಗುವ ಕೊಳ. ಕನಿಷ್ಠ 40 ಸೆಆ (ಹಳೆಯ ಕಾಲದ ಅಳತೆ) ನೀರಿರಬೇಕು, ಬೇರೆ ಬೇರೆ ಲೆಕ್ಕದಲ್ಲಿ ಅದು ಸುಮಾರು 330ರಿಂದ 570 ಲೀಟರ್. ಆ ನೀರು ಮಳೆಯದೋ ಬುಗ್ಗೆಯದೋ ಆಗಿರಬೇಕು, ಕೊಡದಲ್ಲಿ ತಂದು ಹೊಯ್ದದ್ದಾಗಬಾರದು. ಇಂದಿನ ಮಿಕ್ವೆಗಳಲ್ಲಿ ಮಳೆನೀರಿನ ಗುಂಡಿಯೊಂದನ್ನು ಪಕ್ಕದಲ್ಲಿಟ್ಟು ಬೆಚ್ಚಗಿನ ನಲ್ಲಿನೀರಿನ ಕೊಳಕ್ಕೆ ತೂತಿನ ಮೂಲಕ ಸೇರಿಸಿರುತ್ತಾರೆ. ಇಸ್ರೇಲಿನ ಪ್ರಾಚೀನ ಮಸಾದಾ ಕೋಟೆಯ ಉತ್ಖನನದಲ್ಲಿ ಸಿಕ್ಕ, ಕ್ರಿ.ಶ. ಒಂದನೇ ಶತಮಾನದ ಮಿಕ್ವೆಯಲ್ಲೂ ಏರ್ಪಾಡು ಹೀಗೆಯೇ. ಹೆಂಗಸು ನಕ್ಷತ್ರ ಮೂಡಿದ ಮೇಲೆ ಹೋಗುತ್ತಾಳೆ. ಮೊದಲು ಸಾಮಾನ್ಯ ಸ್ನಾನ ಮಾಡಿ, ಉಗುರು ಕತ್ತರಿಸಿ, ಬಣ್ಣ ಅಳಿಸಿ, ಉಂಗುರ ಓಲೆ ತೆಗೆದು, ಕೂದಲಿನ ಸಿಕ್ಕು ಬಿಡಿಸುತ್ತಾಳೆ. ಮೈಗೂ ನೀರಿಗೂ ನಡುವೆ ಒಂದು ಎಳೆಯೂ ಇರಬಾರದು. ಮೆಟ್ಟಿಲಿಳಿದು ಪೂರ್ತಿ ಮುಳುಗುತ್ತಾಳೆ. ಮೇಲೆ ನಿಂತ ಸಹಾಯಕಿ ಒಂದು ಕೂದಲೂ ತೇಲದಂತೆ ಮುಳುಗಿದ್ದನ್ನು ನೋಡಿ, ಕೋಶೆರ್, ಅಂದರೆ ಶಾಸ್ತ್ರಕ್ಕೆ ಸರಿಯಾಗಿದೆ, ಎಂದು ಗಟ್ಟಿಯಾಗಿ ಹೇಳುತ್ತಾಳೆ.

ಈ ನೇಮದ ಬಗ್ಗೆ ಯೆಹೂದಿ ಹೆಂಗಸರಲ್ಲೇ ಎರಡು ಮಾತಿದೆ. ತಿಂಗಳಲ್ಲಿ ಅಷ್ಟು ದಿನ ತನ್ನ ಮೈ ತನಗೇ ಸೇರಿದ್ದು, ಆಮೇಲೆ ಗಂಡನೊಂದಿಗಿನ ಭೇಟಿ ಹೊಸದಾಗುತ್ತದೆ ಎನ್ನುವವರಿದ್ದಾರೆ. ಬಟ್ಟೆಯ ಕಲೆ ಮುಟ್ಟಿನದೋ ಅಲ್ಲವೋ ಎಂದು ಗಂಡಸಾದ ರಬ್ಬಿಗೆ ತೋರಿಸಿ ತೀರ್ಪು ಕೇಳುವ ಸ್ಥಿತಿಗೆ ಮುಜುಗರಪಟ್ಟವರೂ ಇದ್ದಾರೆ. ಋತುಚಕ್ರ ಚಿಕ್ಕದಿರುವವರಿಗೆ ಶುದ್ಧ ದಿನ ಮುಗಿಯುವ ಮೊದಲೇ ಗರ್ಭ ನಿಲ್ಲುವ ಕಾಲ ಕಳೆದುಹೋಗುವ ತೊಂದರೆಯೂ ಉಂಟು. ಈ ಸಂಕಟಕ್ಕೆ ಪರಿಹಾರವಾಗಿ ಜೆರುಸಲೇಮಿನ ನಿಶ್ಮತ್ ಎಂಬ ಸ್ತ್ರೀಯರ ವಿದ್ಯಾಸಂಸ್ಥೆ ಇದೇ ಶಾಸ್ತ್ರದಲ್ಲಿ ಹೆಂಗಸರನ್ನು ತರಬೇತುಗೊಳಿಸಿತು; 1999ರಲ್ಲಿ ಮೊದಲ ತಂಡ ಹೊರಬಂತು. ಇಂದು ಹೆಂಗಸರು ಹೆಂಗಸರನ್ನೇ ಕೇಳಬಹುದು. ಪರಂಪರೆಯನ್ನು ಒಡೆಯದೆ ಒಳಗಿನಿಂದಲೇ ಬಾಗಿಲು ತೆರೆದ ಈ ಕೆಲಸದ ಬಗ್ಗೆ ನನಗೆ ತುಂಬು ಗೌರವ.

ಎಲ್ಲವನ್ನೂ ಸಮರ್ಥಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಮರ್ಯಾದೆಯ ಹೆಸರಿನಲ್ಲಿ ಹೆಣ್ಣನ್ನೇ ಅಳಿಸುವ ಕೆಲಸವೂ ನಡೆದಿದೆ. 2015ರಲ್ಲಿ ಭಯೋತ್ಪಾದನೆಯ ವಿರುದ್ಧ ಪ್ಯಾರಿಸ್ಸಿನಲ್ಲಿ ನಾಯಕರು ನಡೆಸಿದ ಮೆರವಣಿಗೆಯ ಚಿತ್ರ ಅಚ್ಚುಮಾಡುವಾಗ ಇಸ್ರೇಲಿನ ಒಂದು ಕಟ್ಟರ್ ಪತ್ರಿಕೆ ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಅವರನ್ನೇ ಚಿತ್ರದಿಂದ ತೆಗೆದುಹಾಕಿತು. ಕೆಲವು ಬಸ್ಸುಗಳಲ್ಲಿ ಹೆಂಗಸರನ್ನು ಹಿಂದೆ ಕೂರಿಸುತ್ತಿದ್ದರು. ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ಧರ್ಮನಿಷ್ಠ ಯೆಹೂದಿ ಮಹಿಳೆಯರೇ ಇದ್ದರು. ಬಲವಂತದಿಂದ ಹಾಗೆ ಕೂರಿಸುವಂತಿಲ್ಲ ಎಂದು 2011ರ ಜನವರಿಯಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ನಿಮಗೂ ಬಸ್ಸಿನಲ್ಲಿ ಯಾರಾದರೂ ಹಿಂದೆ ಹೋಗು ಎಂದರೆ ಹೋಗಬೇಕಾದ ಕಾನೂನಿಲ್ಲ.

ಸೊಸೆಯನ್ನು ಏನು ಕೇಳಬಹುದು, ಏನು ಕೇಳಬಾರದು ಎಂಬುದಕ್ಕೆ ಒಂದು ಮಾತು. ಗಂಡಸರು ಇಲ್ಲದ ಹೊತ್ತಿನಲ್ಲಿ ಟೋಪನ್ ಬಗ್ಗೆ ಧಾರಾಳವಾಗಿ ಕೇಳಿ. ಹೇಗೆ ತೊಳೆಯುತ್ತೀರಿ, ಎಲ್ಲಿ ಸೆಟ್ ಮಾಡಿಸುತ್ತೀರಿ ಎಂದರೆ ಸಂತೋಷದಿಂದ ಹೇಳುತ್ತಾಳೆ. ಶುಕ್ರವಾರದ ದೀಪದ ಬಗ್ಗೆಯೂ ಕೇಳಿ. ಸೂರ್ಯಾಸ್ತಕ್ಕೆ ಸಾಮಾನ್ಯವಾಗಿ 18 ನಿಮಿಷ ಮೊದಲು ದೀಪ ಹಚ್ಚಿ, ಕೈಗಳನ್ನು ತನ್ನತ್ತ ಬೀಸಿಕೊಂಡು ಅಜ್ಜಿ ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಿದ್ದೀರಿ. ಯಾವ ಕೆಲಸಕ್ಕಾದರೂ ಮೊದಲು ಮಂತ್ರ, ಆಮೇಲೆ ಕ್ರಿಯೆ ಎಂಬುದು ಅವರ ಕ್ರಮ. ಆದರೆ ಮಂತ್ರ ಹೇಳಿದ ಕೂಡಲೇ ಶಬ್ಬಾತ್, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಆರಂಭವಾಗುತ್ತದೆ, ಆಮೇಲೆ ಬೆಂಕಿ ಹಚ್ಚುವಂತಿಲ್ಲ. ಅದಕ್ಕೇ ಮೊದಲು ಹಚ್ಚಿ, ಕಣ್ಣು ಮುಚ್ಚಿ, ಮಂತ್ರ ಹೇಳಿ, ಕಣ್ಣು ತೆರೆದಾಗ ಬೆಳಕನ್ನು ಮೊದಲ ಸಲ ಕಂಡಂತೆ ಮಾಡುತ್ತಾರೆ. ಆ ಹೊತ್ತಿನಲ್ಲಿ ಅವರು ಮನೆಮಂದಿಗಾಗಿ ಬೇಡಿಕೊಳ್ಳುತ್ತಾರೆ, ಸದ್ದು ಮಾಡಬೇಡಿ. ಮಿಕ್ವೆಯ ಬಗ್ಗೆ ಮಾತ್ರ ಎಂದೂ ಕೇಳಬೇಡಿ. ಯಾವ ರಾತ್ರಿ ಹೋದಳು ಎಂಬುದನ್ನು ಆ ಹೆಂಗಸು ತನ್ನ ತಾಯಿ ಮಕ್ಕಳಿಗೂ ತಿಳಿಯಗೊಡುವುದಿಲ್ಲ.

ರಜೆಯ ಪ್ರಶ್ನೆ ಧರ್ಮದ್ದಲ್ಲ, ಕಾನೂನಿನದು. ಇಸ್ರೇಲಿನ 1951ರ ಕೆಲಸದ ಅವಧಿ ಮತ್ತು ವಿಶ್ರಾಂತಿ ಕಾಯಿದೆಯ ಪ್ರಕಾರ ಯೆಹೂದಿಯಲ್ಲದ ಕೆಲಸಗಾರರು ವಾರದ ರಜೆಗೆ ಶುಕ್ರವಾರ, ಶನಿವಾರ, ಭಾನುವಾರಗಳಲ್ಲಿ ತಮ್ಮ ರೂಢಿಗೆ ಒಪ್ಪುವ ದಿನವನ್ನು ಆರಿಸಿಕೊಳ್ಳಬಹುದು. ಭಾನುವಾರ ಬೇಕಾದರೆ ಕೇಳಿ. ಶಬ್ಬಾತ್ ದಿನ ನೀವು ಮನೆಯಲ್ಲಿರುವುದು ಅವರಿಗೂ ಅನುಕೂಲವೇ. ಕೊಡದಿದ್ದರೆ, ಸಂಬಳದಲ್ಲಿ ತಕರಾರು ಬಂದರೆ ಅಥವಾ ಪಾಸ್‌ಪೋರ್ಟ್ ತಮ್ಮ ಬಳಿ ಇಟ್ಟುಕೊಳ್ಳುತ್ತೇವೆ ಎಂದರೆ ನಮ್ಮ ಧರ್ಮದ ಪದ್ಧತಿ ಹೀಗೆ ಎಂಬ ಉತ್ತರಕ್ಕೆ ಒಪ್ಪಬೇಡಿ. ಯಾವ ಯೆಹೂದಿ ಶಾಸ್ತ್ರದಲ್ಲೂ ಅದಕ್ಕೆ ಆಧಾರವಿಲ್ಲ; ಕೂಲಿಯವನ ಕೂಲಿಯನ್ನು ಅಂದಂದೇ ಕೊಡು ಎಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಟೆಲ್ ಅವೀವ್‌ನಲ್ಲಿರುವ ಕಾವ್ ಲಾಓವೇದ್ ಎಂಬ ಸಂಸ್ಥೆ ನಿಮ್ಮಂತೆ ಹೊರದೇಶದಿಂದ ಬಂದು ದುಡಿಯುವವರಿಗೆ ಇಂಥ ವಿಷಯಗಳಲ್ಲಿ ಸಲಹೆ ಕೊಡುತ್ತದೆ.